ಸಾಕುಮನೆಯ ಮಗು, ಊರಿನ ಯುವಸಂಘ ಮತ್ತು ಮನೆಮಾತು

ತುಳು ಮನೆಮಾತಿನ ಮಗುವಿಗೆ 'ಪೇರ್' ಎಂದರೆ ಹಾಲು. ಮಲಯಾಳದಲ್ಲಿ ಹೆಚ್ಚುಕಡಿಮೆ ಅದೇ ಉಚ್ಚಾರಣೆಯ ಪದಕ್ಕೆ 'ಹೆಸರು' ಎಂಬ ಅರ್ಥವಿದೆ. ಕಾಸರಗೋಡು ಜಿಲ್ಲೆಯ ಉತ್ತರದ ಒಳನಾಡಿನಿಂದ ಬಂದ ಎಂಟು ವರ್ಷದ ಬಾಲಕಿಯೊಬ್ಬಳನ್ನು ಇಲ್ಲಿ ಕಲ್ಪಿಸಿಕೊಳ್ಳಬಹುದು. ಅವಳ ತಾಯಿ ತೀರಿಹೋಗಿದ್ದಾರೆ. ತಂದೆ ಮಗುವನ್ನು ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಅವಳನ್ನು ದೂರದ ಊರಿನ ಪಾಲನಾ ಕೇಂದ್ರಕ್ಕೆ ಸೇರಿಸಲಾಗಿದೆ. ಮೊದಲ ಸಂಜೆ ಅಲ್ಲಿಯ ಸಿಬ್ಬಂದಿ ಪ್ರೀತಿಯಿಂದಲೇ ಅವಳ 'ಪೇರ್' ಏನೆಂದು ಕೇಳುತ್ತಾರೆ. ಹಾಲು ಬೇಕೇ ಎಂದು ಕೇಳುತ್ತಿದ್ದಾರೆಂದು ತಿಳಿದ ಮಗು ಬೇಡವೆಂದು ತಲೆಯಲ್ಲಾಡಿಸುತ್ತದೆ. ಮತ್ತೆ ಕೇಳಿದಾಗಲೂ ಅದೇ ಉತ್ತರ. ಹೆಸರು ಹೇಳಲೊಲ್ಲದ ಹಠಮಾರಿ ಮಗು ಎಂಬ ಅಭಿಪ್ರಾಯ ಆ ಸಂಜೆಯೇ ಮೂಡುತ್ತದೆ. ಕೆಲವು ದಿನಗಳ ಬಳಿಕ ಶಾಲೆಗೆ ಹೋದಾಗ ಆ ಅಭಿಪ್ರಾಯವೂ ಅವಳ ಜೊತೆಗೆ ಹೋಗುತ್ತದೆ.

ಈ ಸಂದರ್ಭದಲ್ಲಿ ಯಾರ ತಪ್ಪೂ ಇಲ್ಲ. ಊಟ, ವಸತಿ, ರಕ್ಷಣೆ ಎಲ್ಲವೂ ಮಗುವಿಗೆ ದೊರೆತಿವೆ. ಆದರೆ ಮನೆಯ ಜೊತೆಗೆ ಅದು ಕಳೆದುಕೊಂಡ ಇನ್ನೊಂದು ಆಸ್ತಿ ಯಾರ ಗಮನಕ್ಕೂ ಬಂದಿಲ್ಲ. ಅದು ಮಗುವಿನ ಮಾತು. ಹೆತ್ತವರ ಆಸರೆ ತಪ್ಪಿದ ಮಕ್ಕಳಿಗಾಗಿ ದುಡಿಯಲು ಇಂದು ಅನೇಕ ಊರುಗಳಲ್ಲಿ ಯುವಕ ಯುವತಿಯರು ಮುಂದೆ ಬರುತ್ತಿದ್ದಾರೆ. ಅಂತಹ ಸೇವೆ ಯಾವುದರಿಂದ ಫಲಕಾರಿಯಾಗುತ್ತದೆ, ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ಅದರ ವಿಶೇಷ ಹೊಣೆ ಏನು, ಅದರಲ್ಲಿ ಅಧ್ಯಾಪಕರ ಪಾತ್ರ ಯಾವುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಪೋಷಕ ಪಾಲನೆ ಎಂದರೇನು?

ಇಂಗ್ಲಿಷಿನಲ್ಲಿ 'ಫಾಸ್ಟರ್ ಕೇರ್' ಎಂದು ಕರೆಯುವ ವ್ಯವಸ್ಥೆಗೆ ಕನ್ನಡದಲ್ಲಿ 'ಪೋಷಕ ಪಾಲನೆ' ಎನ್ನಬಹುದು. ಇದು ದತ್ತು ಸ್ವೀಕಾರವಲ್ಲ. ದತ್ತು ಪಡೆದ ಮಗು ಕಾನೂನಿನ ದೃಷ್ಟಿಯಲ್ಲಿ ಆ ಮನೆಯ ಮಗುವೇ ಆಗಿಬಿಡುತ್ತದೆ. ಹುಟ್ಟಿದ ಮನೆಯ ಸಂಬಂಧ ಅಲ್ಲಿಗೆ ಮುಗಿಯುತ್ತದೆ. ಪೋಷಕ ಪಾಲನೆಯಲ್ಲಾದರೋ ಇನ್ನೊಂದು ಕುಟುಂಬವು ಮಗುವನ್ನು ಕೆಲವು ಕಾಲ ತನ್ನ ಮನೆಯಲ್ಲಿಟ್ಟು ಸಾಕುತ್ತದೆ. ಹೆತ್ತವರ ಸ್ಥಿತಿ ಸುಧಾರಿಸಿದರೆ ಮಗು ಅವರಲ್ಲಿಗೆ ಮರಳಬಹುದು. ನಮ್ಮ ನಾಡಿನ ಮಕ್ಕಳಿಗೆ ಪರಿಚಿತವಾದ ಕಥೆಯಿಂದಲೇ ಈ ವ್ಯತ್ಯಾಸವನ್ನು ತಿಳಿಸಬಹುದು. ನಂದಗೋಕುಲದಲ್ಲಿ ಯಶೋದೆ ಕೃಷ್ಣನ ಸಾಕುತಾಯಿ. ಕಾಲ ಬಂದಾಗ ಆತ ದೇವಕಿ ವಸುದೇವರಲ್ಲಿಗೆ ಮರಳಿದ. ಯಶೋದೆಯ ಪ್ರೀತಿಯಾಗಲಿ ದೇವಕಿಯ ಹಕ್ಕಾಗಲಿ ಒಂದರಿಂದೊಂದು ಕಡಿಮೆಯಾಗಲಿಲ್ಲ.

ಭಾರತದಲ್ಲಿ ಈ ವ್ಯವಸ್ಥೆಗೆ ಆಧಾರವಾಗಿರುವುದು 2016ರ ಜನವರಿ 15ರಂದು ಜಾರಿಗೆ ಬಂದ 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ. ಅದರ 44ನೆಯ ಪ್ರಕರಣ ಪೋಷಕ ಪಾಲನೆಗೆ ಸಂಬಂಧಿಸಿದುದು. ಮಗುವನ್ನು ಪೋಷಕ ಕುಟುಂಬಕ್ಕೆ ಒಪ್ಪಿಸುವ ಅಧಿಕಾರ ಮಕ್ಕಳ ಕಲ್ಯಾಣ ಸಮಿತಿಗೆ ಮಾತ್ರ ಇದೆ. ಒಬ್ಬ ಅಧ್ಯಕ್ಷರು ಹಾಗೂ ನಾಲ್ವರು ಸದಸ್ಯರಿರುವ ಈ ಸಮಿತಿಯಲ್ಲಿ ಕನಿಷ್ಠ ಒಬ್ಬರಾದರೂ ಮಹಿಳೆ ಇರಬೇಕು. ಕುಟುಂಬದ ಇಚ್ಛೆ, ಸಾಮರ್ಥ್ಯ, ಮಕ್ಕಳನ್ನು ಸಾಕಿದ ಅನುಭವ ಇವುಗಳನ್ನು ನೋಡಿ ಆಯ್ಕೆ ನಡೆಯಬೇಕು. ಒಡಹುಟ್ಟಿದವರನ್ನು ಸಾಧ್ಯವಾದಷ್ಟು ಒಂದೇ ಮನೆಯಲ್ಲಿರಿಸಬೇಕು. ಮಗುವಿನ ಶಿಕ್ಷಣ, ಆರೋಗ್ಯ, ಆಹಾರದ ಹೊಣೆ ಪೋಷಕ ಕುಟುಂಬದ್ದು. ಮಗುವಿನ ಹಿತಕ್ಕೆ ಬಾಧಕವಲ್ಲದಿದ್ದರೆ ಹೆತ್ತವರು ನಿಯತವಾಗಿ ಬಂದು ನೋಡಬಹುದು. 2024ರ ಪರಿಷ್ಕೃತ ಮಾದರಿ ಮಾರ್ಗಸೂಚಿಯಂತೆ ಅವಿವಾಹಿತರು, ವಿಧವೆಯರು, ವಿಚ್ಛೇದಿತರು ಸಹ ಪೋಷಕರಾಗಬಹುದು. ಒಂಟಿ ಪುರುಷನಿಗೆ ಗಂಡುಮಗುವನ್ನು ಮಾತ್ರ ಒಪ್ಪಿಸಲಾಗುತ್ತದೆ.

ಕೇರಳದಲ್ಲಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಗಳು ನಡೆಸುವ ರಜಾಕಾಲದ ಪೋಷಕ ಪಾಲನೆಯೂ ಇದೇ ಬಗೆಯದು. ಪಾಲನಾ ಕೇಂದ್ರಗಳಲ್ಲಿರುವ ಮಕ್ಕಳು ಬೇಸಗೆ ರಜೆಯನ್ನು ಒಂದು ಕುಟುಂಬದೊಂದಿಗೆ ಕಳೆಯಲು ಇದು ಅವಕಾಶ ನೀಡುತ್ತದೆ. ಅಡುಗೆಮನೆಯ ಮಾತು, ಅಜ್ಜಿಯ ಕಥೆ, ನೆಂಟರ ಬರುಹೋಗು, ಪೇಟೆಗೆ ಹೋಗಿ ಬರುವಾಗಿನ ಹರಟೆ ಇವೆಲ್ಲ ಮಗುವಿಗೆ ಮನೆಯಲ್ಲಿ ಮಾತ್ರ ದೊರೆಯಬಲ್ಲವು.

ಕಾನೂನಿನಲ್ಲಿ ಮಗುವಿನ ಭಾಷೆ

ವಿಶ್ವಸಂಸ್ಥೆಯು 1989ರಲ್ಲಿ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತವು 1992ರ ಡಿಸೆಂಬರ್‌ನಲ್ಲಿ ಸಮ್ಮತಿಸಿತು. ಅದರ 20ನೆಯ ವಿಧಿಯು ಕುಟುಂಬದ ಆಸರೆ ತಪ್ಪಿದ ಮಕ್ಕಳ ಬಗ್ಗೆ ಹೇಳುತ್ತದೆ. ಅಂತಹ ಮಗುವಿಗೆ ಪರ್ಯಾಯ ವ್ಯವಸ್ಥೆ ಮಾಡುವಾಗ ಬೆಳವಣಿಗೆಯ ಎಳೆ ಕಡಿಯದಂತೆ ನೋಡಿಕೊಳ್ಳಬೇಕೆಂದೂ, ಮಗುವಿನ ಜನಾಂಗ, ಧರ್ಮ, ಸಂಸ್ಕೃತಿಗಳ ಜೊತೆಗೆ ಭಾಷಾ ಹಿನ್ನೆಲೆಯನ್ನೂ ಗಣಿಸಬೇಕೆಂದೂ ಅದರ ಆಶಯ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಅನುಕೂಲ ಕಲ್ಪಿಸಲು ರಾಜ್ಯಗಳು ಯತ್ನಿಸಬೇಕೆಂದು ವಿಧಿಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವೂ ಸಾಧ್ಯವಾದಷ್ಟು ಮಟ್ಟಿಗೆ ಬೋಧನೆ ಮಗುವಿನ ಮಾತೃಭಾಷೆಯಲ್ಲಿರಬೇಕೆಂದು ಹೇಳುತ್ತದೆ.

ಈ ಮೂರನ್ನೂ ಸೇರಿಸಿ ಓದಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಹೆತ್ತವರ ಜೊತೆಗಿರುವ ಮಗುವಿನ ಮಾತನ್ನು ಮನೆಯೇ ಕಾಪಾಡುತ್ತದೆ. ಶಾಲೆ ಅದನ್ನು ಬೆಳೆಸಿದರೆ ಸಾಕು. ಮನೆ ತಪ್ಪಿದ ಮಗುವಿನ ಮಾತನ್ನು ಕಾಪಾಡಲು ಶಾಲೆಯ ಹೊರತು ಬೇರೆ ಯಾರೂ ಇಲ್ಲದಿರಬಹುದು. ಕನ್ನಡ ಮಾಧ್ಯಮದಲ್ಲಿ ಮೂರನೆಯ ತರಗತಿಯವರೆಗೆ ಓದಿದ ಮಗು ಕನ್ನಡ ಶಾಲೆಯೇ ಇಲ್ಲದ ಊರಿನ ಕೇಂದ್ರಕ್ಕೆ ಹೋದರೆ ಓದಲು ಬಲ್ಲ ಮಗು ಒಂದೇ ದಿನದಲ್ಲಿ ಓದಲು ಬಾರದ ಮಗುವಾಗುತ್ತದೆ. ಎರಡು ಮೂರು ವರ್ಷಗಳ ಬಳಿಕ ಊರಿಗೆ ಮರಳಿದಾಗ ಅಜ್ಜಿಯೊಡನೆ ಮಾತು ತಡವರಿಸುತ್ತದೆ. ಮಗುವನ್ನು ಮನೆಗೆ ಮರಳಿಸುವುದು ಪಾಲನೆಯ ಗುರಿಯಾಗಿರುವುದರಿಂದ ಮರಳುವ ದಾರಿಯಾದ ಭಾಷೆಯನ್ನು ತೆರೆದಿಡುವುದೂ ಪಾಲನೆಯ ಭಾಗವೇ ಆಗಿದೆ.

ಯುವಕರು ಕೈಗೊಂಡ ಸೇವೆ: ಮೂರು ನಿದರ್ಶನಗಳು

ಮೊದಲನೆಯದು ದೂರದ್ದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಾಲೇಜು ವಿದ್ಯಾರ್ಥಿಯಾಗಿದ್ದ ಡ್ಯಾನಿ ಮೆಂಡೋಝಾ 2008ರಲ್ಲಿ 'ಟುಗೆದರ್ ವಿ ರೈಸ್' ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದು ಈಗ 'ಫಾಸ್ಟರ್ ಲವ್' ಎಂಬ ಹೆಸರಿನಲ್ಲಿದೆ. ಆ ದೇಶದಲ್ಲಿ ಪೋಷಕ ಪಾಲನೆಯ ಮಕ್ಕಳು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುವಾಗ ಬಟ್ಟೆಬರೆಗಳನ್ನು ಕಸದ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಕಳುಹಿಸುವ ರೂಢಿ ಇತ್ತು. ತನ್ನ ವಸ್ತುಗಳು ಕಸದ ಚೀಲದಲ್ಲಿ ಬಂದರೆ ತಾನೂ ಕಸವೇ ಎಂಬ ಭಾವನೆ ಮಗುವಿನಲ್ಲಿ ಮೂಡದಿರುತ್ತದೆಯೇ? ಈ ಯುವಜನರು ಆ ಒಂದು ಕೊರತೆಯನ್ನು ಕಂಡು ಮಕ್ಕಳಿಗೆ ಗಟ್ಟಿಮುಟ್ಟಾದ ಪ್ರಯಾಣದ ಚೀಲಗಳನ್ನು ಒದಗಿಸತೊಡಗಿದರು. ಚೀಲದ ಬೆಲೆ ದೊಡ್ಡದಲ್ಲ. ಕೊರತೆಯನ್ನು ಮಗುವಿನ ಕಣ್ಣಿನಿಂದ ನೋಡಿದುದು ದೊಡ್ಡದು.

ಎರಡನೆಯದು ಕೇರಳದ್ದೇ. 2006ರಲ್ಲಿ ಕೊಚ್ಚಿಯಲ್ಲಿ ಜಿತಿನ್ ನೆಡುಮಲ ಹಾಗೂ ಅವರ ಯುವ ಗೆಳೆಯರು 'ಮೇಕ್ ಎ ಡಿಫರೆನ್ಸ್' ಎಂಬ ಸಂಸ್ಥೆಯನ್ನು ಕಟ್ಟಿದರು. ಪಾಲನಾ ಕೇಂದ್ರಗಳಲ್ಲಿರುವ ಮಕ್ಕಳಿಗೆ ಇಂಗ್ಲಿಷ್ ಕಲಿಸುವುದು ಅವರ ಮೊದಲ ಮುಖ್ಯ ಕೆಲಸವಾಗಿತ್ತು. ಕಾಲೇಜು ವಿದ್ಯಾರ್ಥಿಗಳು, ಹೊಸದಾಗಿ ಉದ್ಯೋಗಕ್ಕೆ ಸೇರಿದವರು ಸ್ವಯಂಸೇವಕರಾಗಿ ವಾರದ ಬಿಡುವಿನಲ್ಲಿ ಪಾಠ ಹೇಳುತ್ತಿದ್ದರು. ಮುಂದೆ ಈ ಕೆಲಸ ಮಂಗಳೂರು, ಮೈಸೂರು, ಬೆಂಗಳೂರುಗಳೂ ಸೇರಿದಂತೆ ದೇಶದ 20ಕ್ಕೂ ಹೆಚ್ಚು ನಗರಗಳಿಗೆ ಹಬ್ಬಿತು. ಭಾಷೆಯ ಪಾಠದಿಂದ ತೊಡಗಿದ ಸಂಸ್ಥೆ ಕ್ರಮೇಣ ಶಾಲಾ ಪಾಠಗಳಿಗೆ ನೆರವು, ಕೇಂದ್ರವನ್ನು ಬಿಡುವ ವಯಸ್ಸಿನವರಿಗೆ ಸಿದ್ಧತೆ, ಬಿಟ್ಟ ಮೇಲಿನ ಆಸರೆ ಎಂದು ಕಾರ್ಯಕ್ಷೇತ್ರವನ್ನು ವಿಸ್ತರಿಸಿತು. ಇಲ್ಲಿ ಗಮನಿಸತಕ್ಕ ಅಂಶ ಸಾತತ್ಯ. ವರ್ಷಕ್ಕೊಮ್ಮೆ ಸಿಹಿ ಹಂಚಿ ಹೋಗುವವರು ಎಲ್ಲೆಡೆಯೂ ಸಿಗುತ್ತಾರೆ. ಶನಿವಾರ ಬರುತ್ತೇನೆಂದು ಹೇಳಿ ಶನಿವಾರವೇ ಬರುವವರು ಅಪರೂಪ.

ಮೂರನೆಯದು ವಯನಾಡಿನದು. ಬುಡಕಟ್ಟು ಮಕ್ಕಳು ಶಾಲೆ ಬಿಡುವುದಕ್ಕೆ ಭಾಷೆಯ ಅಂತರವೂ ಒಂದು ಕಾರಣವೆಂದು ಕಂಡುಕೊಂಡು, 2017ರಲ್ಲಿ ಕೇರಳ ಸರಕಾರವು 'ಗೋತ್ರಬಂಧು' ಎಂಬ ಯೋಜನೆಯನ್ನು ಅಲ್ಲಿಯ ಪ್ರಾಥಮಿಕ ಶಾಲೆಗಳಲ್ಲಿ ಜಾರಿಗೊಳಿಸಿತು. ಅದೇ ಸಮುದಾಯಗಳ ಶಿಕ್ಷಕ ತರಬೇತಿ ಪಡೆದ ಯುವಕ ಯುವತಿಯರನ್ನು ಮಾರ್ಗದರ್ಶಿ ಅಧ್ಯಾಪಕರಾಗಿ ನೇಮಿಸಲಾಯಿತು. ಇದು ದತ್ತಿಸಂಸ್ಥೆಯ ಕೆಲಸವಲ್ಲ, ಸರಕಾರದ ಯೋಜನೆ. ಆದರೂ ಮಗುವಿನ ಮಾತನ್ನು ಬಲ್ಲ ಯುವಕನೊಬ್ಬ ತರಗತಿಯಲ್ಲಿದ್ದರೆ ಏನು ಸಾಧ್ಯ ಎಂಬುದಕ್ಕೆ ಇದು ಹತ್ತಿರದ ನಿದರ್ಶನ.

ಮೂರು ನಿದರ್ಶನಗಳ ಸಾರ ಒಂದೇ. ಎಲ್ಲವನ್ನೂ ಮಾಡಹೊರಟ ಸಂಘಕ್ಕಿಂತ ಮಗುವಿನ ಒಂದು ಕೊರತೆಯನ್ನು ಸರಿಯಾಗಿ ಗುರುತಿಸಿ ಅದನ್ನು ಬಿಡದೆ ನೀಗಿಸುವ ಸಂಘ ಬಾಳುತ್ತದೆ. ಗಡಿನಾಡಿನ ಕನ್ನಡ ಯುವಸಂಘಗಳ ಮಟ್ಟಿಗೆ ಆ ಕೊರತೆ ಮನೆಮಾತಿನದು. ಬೇರೆ ನೆರವನ್ನು ಬೇರೆಯವರೂ ಕೊಡಬಲ್ಲರು. ಇದನ್ನು ಕೊಡಬಲ್ಲವರು ಆ ಮಾತನ್ನಾಡುವ ನೆರೆಯವರು ಮಾತ್ರ.

ಯುವಸಂಘ ಕೈಗೊಳ್ಳಬಹುದಾದ ಕೆಲಸಗಳು

1. ವಾರಕ್ಕೊಂದು ಮಾತಿನ ಗಂಟೆ. ಪಾಲನಾ ಕೇಂದ್ರದ ಅಧೀಕ್ಷಕರ ಹಾಗೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಅನುಮತಿಯೊಂದಿಗೆ ನಿಗದಿತ ದಿನ, ನಿಗದಿತ ಸಮಯದಲ್ಲಿ ಇಬ್ಬರು ಸ್ವಯಂಸೇವಕರು ಹೋಗಿ ಮಕ್ಕಳೊಡನೆ ಅವರ ಮಾತಿನಲ್ಲಿ ಮಾತನಾಡಬೇಕು; ಕಥೆ ಹೇಳಬೇಕು, ಓದಿಸಬೇಕು. ಮಗುವಿನ ಮಾತು ಕನ್ನಡವೇ ಆಗಿರಬೇಕೆಂದಿಲ್ಲ. ಕನ್ನಡ ಶಾಲೆಯ ಮಗುವಿನ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ ಕನ್ನಡ ಯಾವುದೂ ಆಗಿರಬಹುದು. ಕೇರಳದ ಐದು ವಿಶೇಷ ದುರ್ಬಲ ಬುಡಕಟ್ಟುಗಳಲ್ಲಿ ಒಂದಾದ ಕೊರಗ ಸಮುದಾಯದ ಮಗುವಿಗೆ ಗ್ರಂಥಸ್ಥ ಕನ್ನಡವೂ ಹೊಸ ಭಾಷೆಯೇ ಆಗಿರುವುದುಂಟು. ಮೊದಲು ಮಗುವಿನ ಮಾತು, ಅನಂತರ ಪುಸ್ತಕದ ಕನ್ನಡ ಎಂಬ ಕ್ರಮ ಒಳ್ಳೆಯದು.

2. ಎರಡು ಲಿಪಿಗಳ ಪದಪುಸ್ತಕ. ಕನ್ನಡದಿಂದ ಮಲಯಾಳಕ್ಕೆ ಹೋಗಬೇಕಾದ ಮಗುವಿಗೆ ಎರಡು ಭಾಷೆಗಳ ನಡುವಿನ ಸಂಬಂಧವನ್ನು ತೋರಿಸಿದರೆ ಅರ್ಧ ಭಯ ಹೋಗುತ್ತದೆ. ಕನ್ನಡದ ಹಾಲು ಮಲಯಾಳದಲ್ಲಿ ಪಾಲ್, ಹೂವು ಪೂವ್, ಹಲ್ಲು ಪಲ್ಲ್, ಹತ್ತು ಪತ್ತ್. ಹಳಗನ್ನಡದಲ್ಲಿಯೂ ಇವು ಪಕಾರದಿಂದಲೇ ತೊಡಗುತ್ತಿದ್ದವು. ಮಗು ತಾನೇ ಇಂತಹ ಜೋಡಿಗಳನ್ನು ಹುಡುಕಿ ಒಂದು ಪುಟದಲ್ಲಿ ಕನ್ನಡ ಲಿಪಿಯಲ್ಲೂ ಎದುರು ಪುಟದಲ್ಲಿ ಮಲಯಾಳ ಲಿಪಿಯಲ್ಲೂ ಬರೆಯುತ್ತಾ ಹೋಗಲಿ. 'ಪೇರ್'ನಂತೆ ಒಂದೇ ಉಚ್ಚಾರಣೆಗೆ ಬೇರೆ ಅರ್ಥವಿರುವ ಪದಗಳನ್ನು ಹಿಂದಿನ ಪುಟಗಳಲ್ಲಿ ಬರೆಯಬಹುದು. ಗೊಂದಲಕ್ಕೆ ಕಾರಣವಾದ ಪದವೇ ಆಗ ನಗುವಿಗೂ ಕಾರಣವಾಗುತ್ತದೆ.

3. ಮನೆಯಿಂದ ಬೇರ್ಪಡದಂತೆ ನೆರವು. ಮಗುವನ್ನು ಕೇಂದ್ರಕ್ಕೆ ಸೇರಿಸುವುದು ಕಾಯ್ದೆಯ ತತ್ತ್ವದಂತೆ ಕೊನೆಯ ಮಾರ್ಗ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವಕ್ಕೂ ಪೋಷಕ ಪಾಲನೆಗೂ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ನೆರವಿದೆ. ಪ್ರಾಯೋಜಕತ್ವಕ್ಕೆ ಕುಟುಂಬದ ವಾರ್ಷಿಕ ಆದಾಯ ಗ್ರಾಮಗಳಲ್ಲಿ 72,000, ಇತರೆಡೆ 96,000 ರೂಪಾಯಿ ಮೀರಿರಬಾರದು. ಹೆತ್ತವರಲ್ಲಿ ಒಬ್ಬರನ್ನು ಅಥವಾ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗಾಗಿ ಕೇರಳ ಸಾಮಾಜಿಕ ಸುರಕ್ಷಾ ಮಿಷನ್ ನಡೆಸುವ 'ಸ್ನೇಹಪೂರ್ವಂ' ಯೋಜನೆಯ ಅರ್ಜಿಯನ್ನು ಶಾಲಾ ಮುಖ್ಯಸ್ಥರ ಮೂಲಕವೇ ಸಲ್ಲಿಸಬೇಕಾಗುತ್ತದೆ. ಕನ್ನಡ ಮಾತ್ರ ಓದಬಲ್ಲ ಅಜ್ಜಿಗೆ ಮಲಯಾಳದ ಅರ್ಜಿ ನಮೂನೆ ಗೋಡೆಯಂತೆ ಕಾಣುತ್ತದೆ. ಯುವಕನೊಬ್ಬ ಪಕ್ಕದಲ್ಲಿ ಕುಳಿತು ಅದನ್ನು ಓದಿ ಹೇಳಿ, ತುಂಬಿಸಿ, ಬ್ಯಾಂಕಿಗೂ ಪಂಚಾಯತು ಕಚೇರಿಗೂ ಜೊತೆಗೆ ಹೋದರೆ ಒಂದು ಮಗು ತನ್ನ ಊರಿನಲ್ಲೇ ಉಳಿಯಬಹುದು.

4. ಪೋಷಕ ಕುಟುಂಬಗಳ ಹುಡುಕಾಟ. ಕನ್ನಡ ಅಥವಾ ತುಳು ಆಡುವ ಕುಟುಂಬಗಳು ಅರ್ಜಿ ಹಾಕದಿದ್ದರೆ ಸಮಿತಿಯು ಆ ಭಾಷೆಯ ಮಗುವನ್ನು ಅಂತಹ ಮನೆಗೆ ಒಪ್ಪಿಸುವುದಾದರೂ ಹೇಗೆ? ಯುವಕ ಮಂಡಲಗಳು, ಗ್ರಂಥಾಲಯಗಳು, ಕುಟುಂಬಶ್ರೀ ಸಭೆಗಳು, ಆರಾಧನಾಲಯಗಳ ಸಮಿತಿಗಳು ಇಲ್ಲೆಲ್ಲ ರಜಾಕಾಲದ ಪಾಲನೆಯ ವಿಷಯವನ್ನು ವಿವರಿಸಬಹುದು. ಕುಟುಂಬವನ್ನು ಆರಿಸುವ ಹೊಣೆ ಸಂಘದ್ದಲ್ಲ. ಮಾಹಿತಿ ತಲುಪಿಸುವುದಷ್ಟೇ ಅದರ ಕೆಲಸ.

5. ಕಲೆಯ ಮೂಲಕ ಬಳಗ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಯಕ್ಷಗಾನವನ್ನು ಕಲಿಸುವ ಯುವತಂಡಗಳಿಗೆ ಕೊರತೆಯಿಲ್ಲ. ಹೆಜ್ಜೆ, ಚೆಂಡೆ, ಮದ್ದಳೆಗಳ ಅಭ್ಯಾಸಕ್ಕೆ ಕೇಂದ್ರದ ಅಥವಾ ಪೋಷಕ ಮನೆಯ ಮಗುವನ್ನೂ ಸೇರಿಸಿಕೊಂಡರೆ ಮಾತುಗಾರಿಕೆ ತಾನಾಗಿ ಬೆಳೆಯುತ್ತದೆ. ಅಲ್ಲಿ ಅದು ಅನಾಥ ಮಗುವಾಗಿ ಕಾಣಿಸಿಕೊಳ್ಳುವುದಿಲ್ಲ. ಕೋಡಂಗಿಯಾಗಿಯೋ ಬಾಲಗೋಪಾಲನಾಗಿಯೋ ರಂಗಕ್ಕೆ ಬರುತ್ತದೆ.

6. ಹದಿನೆಂಟರ ಬಳಿಕದ ದಾರಿ. 18 ತುಂಬಿದಾಗ ಪಾಲನಾ ಕೇಂದ್ರವನ್ನು ಬಿಡಬೇಕಾಗುತ್ತದೆ. 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ 23ರವರೆಗೆ, ನಂತರದ ಪಾಲನೆಗೆ ಅವಕಾಶವಿದೆ. ವಸತಿನಿಲಯ, ಕಾಲೇಜು ಪ್ರವೇಶ, ಉದ್ಯೋಗದ ಅರ್ಜಿ ಇವುಗಳಲ್ಲಿ ಕೈಹಿಡಿಯುವವರು ಬೇಕಾಗುವುದು ಆಗಲೇ. ಕಾಸರಗೋಡಿನಲ್ಲಿ ಕನ್ನಡ ಮತ್ತು ಮಲಯಾಳ ಬಲ್ಲವರಿಗಾಗಿಯೇ ಲೋಕಸೇವಾ ಆಯೋಗದ ಕೆಲವು ಹುದ್ದೆಗಳಿವೆ. ಕನ್ನಡ ಮಾಧ್ಯಮದ ಅಧ್ಯಾಪಕ ಹುದ್ದೆಗಳೂ ಇವೆ. ಬಾಲ್ಯದಲ್ಲಿ ಉಳಿಸಿಕೊಂಡ ಎರಡು ಲಿಪಿಗಳು ಯೌವನದಲ್ಲಿ ಅನ್ನದ ದಾರಿಯೂ ಆಗಬಲ್ಲವು.

ಸಂಘದ ಕಟ್ಟುಪಾಡು

ಒಳ್ಳೆಯ ಮನಸ್ಸಿನಿಂದ ತೊಡಗಿದ ಸೇವೆಯೂ ಮಗುವಿಗೆ ಕೆಡುಕು ಮಾಡಬಲ್ಲದು. ಆದುದರಿಂದ ಕೆಲವು ಎಚ್ಚರಿಕೆಗಳು ಅಗತ್ಯ.

ಮೊದಲನೆಯದಾಗಿ, ಮಕ್ಕಳ ಭಾವಚಿತ್ರ, ಹೆಸರು, ವಿಳಾಸ, ಶಾಲೆಯ ಹೆಸರು ಇವುಗಳನ್ನು ಪತ್ರಿಕೆಯಲ್ಲಾಗಲಿ ಮೊಬೈಲ್ ಗುಂಪುಗಳಲ್ಲಾಗಲಿ ಪ್ರಕಟಿಸಬಾರದು. ಬಾಲನ್ಯಾಯ ಕಾಯ್ದೆಯ 74ನೆಯ ಪ್ರಕರಣದಂತೆ ಇದು ಅಪರಾಧ. ಆರು ತಿಂಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ಚೀಲ ಕೊಡುವಾಗ ಮಗುವನ್ನು ನಡುವೆ ನಿಲ್ಲಿಸಿ ಹತ್ತು ಮಂದಿ ಚಿತ್ರ ತೆಗೆಸಿಕೊಳ್ಳುವ ರೂಢಿಯನ್ನು ಶಾಲೆಯೇ ಮೊದಲು ಬಿಡಬೇಕು.

ಎರಡನೆಯದಾಗಿ, ಮಕ್ಕಳನ್ನು ಇರಿಸಿಕೊಳ್ಳುವ ಕೇಂದ್ರವನ್ನು ನೋಂದಣಿಯಿಲ್ಲದೆ ತೆರೆಯುವಂತಿಲ್ಲ. ಅಸಹಾಯಕ ಮಗುವನ್ನು ಕಂಡರೆ ಸಂಘದ ಸದಸ್ಯರ ಮನೆಗೆ ಕರೆದೊಯ್ಯುವುದೂ ಸಲ್ಲದು. 1098 ಸಹಾಯವಾಣಿಗೆ ಅಥವಾ ಪೊಲೀಸರಿಗೆ ತಿಳಿಸಬೇಕು. 24 ಗಂಟೆಗಳೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂಬುದು ನಿಯಮ.

ಮೂರನೆಯದಾಗಿ, ಮಾಡಲಾಗದ ಮಾತನ್ನು ಕೊಡಬಾರದು. ಈಗಾಗಲೇ ಒಮ್ಮೆ ಕೈಬಿಟ್ಟವರನ್ನು ಕಂಡ ಮಗುವಿಗೆ ಬರುತ್ತೇನೆಂದು ಹೇಳಿ ಬಾರದ ಅಕ್ಕ ಅಣ್ಣಂದಿರು ಇನ್ನೊಂದು ಗಾಯ ಮಾಡುತ್ತಾರೆ. ಒಂದು ಶೈಕ್ಷಣಿಕ ವರ್ಷ ಪೂರ್ತಿ ಬರಬಲ್ಲವರನ್ನು ಮಾತ್ರ ಈ ಕೆಲಸಕ್ಕೆ ಆರಿಸಬೇಕು. ಕೊನೆಯ ಭೇಟಿ ಯಾವಾಗ ಎಂಬುದನ್ನೂ ಮುಂಚಿತವಾಗಿ ಮಗುವಿಗೆ ಹೇಳಬೇಕು. ಯಾವ ಸ್ವಯಂಸೇವಕನೂ ಮಗುವಿನೊಡನೆ ಏಕಾಂತದಲ್ಲಿ ಇರಕೂಡದು.

ಸಂಘದ ರೂಪವನ್ನು ಕುರಿತು ಒಂದು ಮಾತು. ಪ್ರೌಢಶಾಲೆ, ಹೈಯರ್ ಸೆಕೆಂಡರಿ ವಿದ್ಯಾರ್ಥಿಗಳಾದರೆ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಘಟಕ ಅಥವಾ ಶಾಲಾ ಸಂಘದ ಮೂಲಕ ದುಡಿಯಬಹುದು. ಪ್ರಾಯಕ್ಕೆ ಬಂದವರು ಸ್ವತಂತ್ರ ಸಂಘ ಕಟ್ಟುವುದಾದರೆ ಮಲಬಾರ್ ಪ್ರದೇಶದಲ್ಲಿ ಅನ್ವಯವಾಗುವ 1860ರ ಸಂಘಗಳ ನೋಂದಣಿ ಕಾಯ್ದೆಯಂತೆ ಕನಿಷ್ಠ ಏಳು ಮಂದಿ ಸದಸ್ಯರು ಬೇಕು. ಹಣ ಸಂಗ್ರಹಿಸಿದರೆ ಲೆಕ್ಕವನ್ನು ಊರಿನವರ ಮುಂದಿಡಬೇಕು. ವಾರದ ಮಾತಿನ ಗಂಟೆಗೆ ಹಣ ಬೇಕಾಗಿಯೇ ಇಲ್ಲ ಎಂಬುದೂ ನೆನಪಿರಲಿ.

ತರಗತಿಯಲ್ಲಿ ಅಧ್ಯಾಪಕರ ಹೊಣೆ

ಯುವಸಂಘಕ್ಕೆ ಕೊರತೆಯನ್ನು ತೋರಿಸಿಕೊಡಬಲ್ಲವರು ಅಧ್ಯಾಪಕರೇ. ಪಾಲನಾ ಕೇಂದ್ರದಿಂದ ಅಥವಾ ಪೋಷಕ ಮನೆಯಿಂದ ಹೊಸದಾಗಿ ಬಂದ ಮಗುವಿನ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆ, ಅದು ಯಾವ ಮಾತಿನಲ್ಲಿ ಕನಸು ಹೇಳುತ್ತದೆ, ಯಾವ ಮಾತಿನಲ್ಲಿ ಅಳುತ್ತದೆ ಎಂಬುದು. ದಾಖಲೆಯಲ್ಲಿ ಮಾತೃಭಾಷೆ ಎಂದು ಬರೆದಿರುವುದು ಅನೇಕ ವೇಳೆ ಶಾಲೆಯ ಮಾಧ್ಯಮವೇ ಆಗಿರುತ್ತದೆ. ಮಗುವಿಗಾಗಿ ತಯಾರಾಗುವ ವೈಯಕ್ತಿಕ ಪಾಲನಾ ಯೋಜನೆಗೆ ಶಾಲೆಯಿಂದ ವರದಿ ಕೇಳಿದಾಗ ಮನೆಮಾತು ಯಾವುದು, ಯಾವ ಲಿಪಿಯನ್ನು ಎಷ್ಟರಮಟ್ಟಿಗೆ ಓದಬಲ್ಲದು ಎಂಬುದನ್ನು ಸ್ಪಷ್ಟವಾಗಿ ಬರೆಯಬೇಕು. ಈ ಎರಡು ಸಾಲುಗಳು ಮಗುವಿನ ಮುಂದಿನ ಶಾಲೆಯನ್ನೂ ಮನೆಯನ್ನೂ ನಿರ್ಧರಿಸುವಾಗ ಉಪಯೋಗಕ್ಕೆ ಬರುತ್ತವೆ.

ಮಗು ಬೇರೆ ಶಾಲೆಗೆ ಹೋಗುವಾಗ ವರ್ಗಾವಣೆ ಪತ್ರವನ್ನು ತಡಮಾಡದೆ ಕೊಡಬೇಕು. ಬರುವಾಗ ಆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸಬಾರದು. ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಸ್ಪಷ್ಟವಾಗಿ ವಿಧಿಸಿದೆ. ಪತ್ರದ ಜೊತೆಗೆ ಮಗುವಿನ ಕನ್ನಡ ಬರವಣಿಗೆಯ ಒಂದೆರಡು ಹಾಳೆಗಳನ್ನೂ ಓದಿ ಮುಗಿಸಿದ ಕಥೆಪುಸ್ತಕಗಳ ಪಟ್ಟಿಯನ್ನೂ ಕಳುಹಿಸಿದರೆ ಹೊಸ ಅಧ್ಯಾಪಕರಿಗೆ ಮಗುವಿನ ಶಕ್ತಿ ತಿಳಿಯುತ್ತದೆ.

'ನನ್ನ ಕುಟುಂಬ' ಎಂಬ ಪಾಠ ಬಹುತೇಕ ಎಲ್ಲ ಕೆಳಗಿನ ತರಗತಿಗಳಲ್ಲೂ ಬರುತ್ತದೆ. ತಂದೆ ತಾಯಿಯರ ಚಿತ್ರ ಅಂಟಿಸಿ ತರಲು ಹೇಳಿದ ದಿನ ಒಂದು ಮಗು ಹೊಟ್ಟೆನೋವೆಂದು ಶಾಲೆಗೆ ಬಾರದಿದ್ದರೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. 'ನನ್ನನ್ನು ನೋಡಿಕೊಳ್ಳುವವರು' ಎಂದು ಚಟುವಟಿಕೆಯ ಹೆಸರನ್ನು ಬದಲಿಸಿದರೆ ಎಲ್ಲ ಮಕ್ಕಳಿಗೂ ಬರೆಯಲು ವಿಷಯ ಸಿಗುತ್ತದೆ. ಅಜ್ಜಿ, ದೊಡ್ಡಮ್ಮ, ಮಾವ, ಸಾಕುತಾಯಿ, ಕೇಂದ್ರದ ಅಡುಗೆಯವರು, ಪಕ್ಕದ ಹಾಸಿಗೆಯ ಗೆಳತಿ ಎಲ್ಲರೂ ಅದರಲ್ಲಿ ಬರಬಹುದು. ರಕ್ಷಕ-ಶಿಕ್ಷಕ ಸಂಘದ ಸಭೆಗೆ 'ತಂದೆ ಅಥವಾ ತಾಯಿ ಬರಬೇಕು' ಎಂಬುದಕ್ಕೆ ಬದಲಾಗಿ 'ಮನೆಯ ಹಿರಿಯರು ಬರಬೇಕು' ಎಂದು ಬರೆಯುವುದೂ ಇಂತಹದೇ ಸಣ್ಣ ಬದಲಾವಣೆ. ತರಗತಿಯ ಮುಂದೆ ಮಗುವಿನ ಪೂರ್ವಕಥೆಯನ್ನು ಹೇಳಿ ಅನುಕಂಪ ಗಳಿಸಿಕೊಡುವ ಯತ್ನ ಮಾತ್ರ ಬೇಡ. ಅದನ್ನು ಹೇಳುವ ಹಕ್ಕು ಮಗುವಿನದು.

ಉಪಸಂಹಾರ

ಮೊದಲಿಗೆ ಕಲ್ಪಿಸಿಕೊಂಡ ಆ ಸಂಜೆಗೆ ಮರಳಬಹುದು. ಕೇಂದ್ರದ ಬಾಗಿಲಲ್ಲಿ ತುಳು ಬಲ್ಲ ಕಾಲೇಜು ವಿದ್ಯಾರ್ಥಿನಿಯೊಬ್ಬಳು ನಿಂತಿದ್ದು 'ನಿನ್ನ ಪುದರ್ ದಾದ?' ಎಂದು ಕೇಳಿದ್ದರೆ ಮಗು ಹೆಸರು ಹೇಳುತ್ತಿತ್ತು. ಆ ಮೇಲೆ ಮಲಯಾಳದಲ್ಲಿ ಅದನ್ನು ಪೇರ್ ಎನ್ನುತ್ತಾರೆಂದು ಅವಳೇ ತಿಳಿಸುತ್ತಿದ್ದಳು. ಮಗುವಿಗೆ ಮೊದಲ ದಿನವೇ ಒಂದು ಹೊಸ ಪದ ದೊರೆಯುತ್ತಿತ್ತು; ಹಳೆಯ ಪದ ಕಳೆದುಹೋಗುತ್ತಿರಲಿಲ್ಲ. ಯುವಸೇವೆಯಿಂದ ಗಡಿನಾಡಿನ ಶಾಲೆ ನಿರೀಕ್ಷಿಸಬೇಕಾದುದು ಇಷ್ಟನ್ನೇ. ಆ ವಿದ್ಯಾರ್ಥಿನಿಯನ್ನು ಬಾಗಿಲವರೆಗೆ ಕರೆತರುವುದು ಅಧ್ಯಾಪಕರ ಕೈಯಲ್ಲಿದೆ.

ಕ್ಲಸ್ಟರ್ ಸಭೆಯಲ್ಲಿ ಚರ್ಚೆಗೆ

1. ನಿಮ್ಮ ಶಾಲೆಯಲ್ಲಿ ಹೆತ್ತವರಿಂದ ದೂರವಿದ್ದು ಕಲಿಯುವ ಮಕ್ಕಳ ಮನೆಮಾತುಗಳು ಯಾವುವು? ದಾಖಲೆಯಲ್ಲಿರುವುದಕ್ಕೂ ವಾಸ್ತವಕ್ಕೂ ವ್ಯತ್ಯಾಸವಿದೆಯೇ?

2. ಕನ್ನಡ, ತುಳು, ಮಲಯಾಳಗಳಲ್ಲಿ ಒಂದೇ ಉಚ್ಚಾರಣೆಯಿದ್ದು ಅರ್ಥ ಬೇರೆಯಾಗುವ ಪದಗಳನ್ನು ಸಂಗ್ರಹಿಸಿ ತರಗತಿಯ ಚಟುವಟಿಕೆಯೊಂದನ್ನು ರೂಪಿಸಿರಿ.

3. ನಿಮ್ಮ ಊರಿನ ಯುವಸಂಘವೊಂದು ಪಾಲನಾ ಕೇಂದ್ರದ ಮಕ್ಕಳಿಗಾಗಿ ದುಡಿಯಲು ಬಯಸಿದರೆ ಮೊದಲ ಮೂರು ತಿಂಗಳಿಗೆ ಎಂತಹ ಕಾರ್ಯಕ್ರಮವನ್ನು ಸೂಚಿಸುವಿರಿ? ಯಾರ ಅನುಮತಿ ಪಡೆಯಲು ಹೇಳುವಿರಿ?

4. 'ನನ್ನ ಕುಟುಂಬ' ಪಾಠವನ್ನು ಎಲ್ಲ ಮಕ್ಕಳೂ ನಿರಾಳವಾಗಿ ಭಾಗವಹಿಸುವಂತೆ ಹೇಗೆ ಬೋಧಿಸಬಹುದು?